ಎಲುಬಿನೊಳಗಿನ ಕೊಬ್ಬು: ಯಾವ ಸ್ಕ್ಯಾನ್, ಯಾರಿಗೆ, ಯಾತಕ್ಕೆ?

"ತಮ್ಮಾ, ಎಲುಬಿನ್ಯಾಗ ಕೊಬ್ಬು ತುಂಬೇತಿ ಅಂತ ಬರದಾರಲ್ಲೋ ಇದರಾಗ. ಇನ್ನ ನಾ ಎಣ್ಣಿ ತಿನ್ನೂದು ಬಿಡಬೇಕೇನು?"

ಇಂಡಿ ಕಡೆಯಿಂದ ಬಂದಿದ್ದ ಒಬ್ಬ ಆಯಿ ಎಂಆರ್‌ಐ ರಿಪೋರ್ಟನ್ನು ನನ್ನ ಮುಂದೆ ಹಿಡಿದು ಹೀಗೆ ಕೇಳಿದರು. ನಾನು ವಿಜಯಪುರದಲ್ಲಿ ಸ್ಕ್ಯಾನ್ ತೆಗೆಯುವ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಔಷಧ ಹೇಳುವ ಹಕ್ಕು ನನಗಿಲ್ಲ. ಆದರೆ ರಿಪೋರ್ಟ್ ಕೈಗೆ ಬಂದ ಕೂಡಲೇ ಜನ ಮೊದಲು ಕೇಳುವುದು ನಮ್ಮನ್ನೇ. ಆಯಿಯ ರಿಪೋರ್ಟಿನಲ್ಲಿ 'ಫ್ಯಾಟಿ ಮ್ಯಾರೋ ಚೇಂಜಸ್' ಅಂತ ಒಂದು ಸಾಲಿತ್ತು, ಅಂದರೆ ಎಲುಬಿನೊಳಗಿನ ಮಜ್ಜೆಯಲ್ಲಿ ಕೊಬ್ಬು ಹೆಚ್ಚಿದೆ ಅಂತ. ಜೊತೆಗೆ ಬಂದ ಮೊಮ್ಮಗ ಅದನ್ನು ಮೊಬೈಲಿನಲ್ಲಿ ಹುಡುಕಿ, ಕ್ಯಾನ್ಸರ್ ತನಕ ಹೋಗಿ ವಾಪಸ್ ಬಂದಿದ್ದ. ಮುಖ ಬಿಳುಚಿತ್ತು.

"ಆಯಿ, ಅಡಗಿ ಎಣ್ಣಿಗೂ ಇದಕ್ಕೂ ಸಂಬಂಧ ಇಲ್ರೀ" ಅಂದೆ. ಅವರಿಗೆ ಅಷ್ಟು ಸಾಕಾಯಿತು. ಮೊಮ್ಮಗನಿಗೆ ಸಾಕಾಗಲಿಲ್ಲ. ಹಾಗಾದರೆ ಈ ಕೊಬ್ಬು ಏನು, ಅದನ್ನು ಅಳೆಯಲು ಬೇರೆ ಸ್ಕ್ಯಾನ್ ಇದೆಯಾ, ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಮಾಡಿಸಬೇಕಾ, ಸಿ.ಟಿ. ಮಾಡಿಸಬೇಕಾ ಅಂತ ಸಾಲು ಪ್ರಶ್ನೆ. ಅವನಿಗೆ ಅವತ್ತು ನಿಂತ ಕಾಲಲ್ಲೇ ಹೇಳಿದ್ದನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲು ಮಜ್ಜೆ ಅಂದರೆ ಏನು

ಮಟನ್ ತಿನ್ನುವವರಿಗೆ ಇದು ಗೊತ್ತು. ಕಾಲಿನ ಉದ್ದ ಎಲುಬನ್ನು ತಾಟಿನ ಅಂಚಿಗೆ ಕುಟ್ಟಿದರೆ ಒಳಗಿನಿಂದ ಮೆತ್ತಗೆ ಜಾರಿ ಬರುತ್ತದಲ್ಲ, ಅದು ಹಳದಿ ಮಜ್ಜೆ. ಹೆಚ್ಚುಕಡಿಮೆ ಕೊಬ್ಬೇ. ಪಕ್ಕೆಲುಬು ಮತ್ತು ಬೆನ್ನಿನ ಎಲುಬುಗಳ ಒಳಗೆ ಕೆಂಪಗೆ ಇರುವುದು ಕೆಂಪು ಮಜ್ಜೆ. ರಕ್ತದ ಕಣ ಹುಟ್ಟುವ ಜಾಗ ಅದು.

ಮನುಷ್ಯರಲ್ಲೂ ಹಾಗೇ. ಹುಟ್ಟಿದ ಕೂಸಿನ ಮಜ್ಜೆ ಬಹುತೇಕ ಎಲ್ಲ ಕೆಂಪು. ಬೆಳೆದಂತೆ ಕೈಕಾಲಿನ ತುದಿಯಿಂದ ಹಳದಿಯಾಗುತ್ತ ನಡುವಿನ ಕಡೆ ಬರುತ್ತದೆ. ಸುಮಾರು 25ರ ವಯಸ್ಸಿಗೆ ಬೆನ್ನೆಲುಬು, ಸೊಂಟ, ಪಕ್ಕೆಲುಬು, ಎದೆ ಎಲುಬು, ತಲೆಬುರುಡೆ, ತೊಡೆ ಮತ್ತು ತೋಳಿನ ಮೇಲ್ತುದಿ, ಇಷ್ಟರಲ್ಲಿ ಮಾತ್ರ ಕೆಂಪು ಉಳಿಯುತ್ತದೆ. ಕೆಂಪು ಮಜ್ಜೆಯಲ್ಲೂ ನೂರಕ್ಕೆ ಸುಮಾರು 40 ಭಾಗ ಕೊಬ್ಬಿರುತ್ತದೆ. ಹಳದಿಯಲ್ಲಿ ಸುಮಾರು 80. ಅಂದರೆ ಎಲುಬಿನಲ್ಲಿ ಕೊಬ್ಬು ಇರುವುದು ರೋಗ ಅಲ್ಲ, ಇರಲೇಬೇಕು.

ವಯಸ್ಸಾದಂತೆ ಬೆನ್ನೆಲುಬಿನಲ್ಲೂ ಕೊಬ್ಬಿನ ಪಾಲು ಏರುತ್ತದೆ. ಹರೆಯದಲ್ಲಿ ಗಂಡಸರದು ಸ್ವಲ್ಪ ಮುಂದೆ. ಮುಟ್ಟು ನಿಂತ ಮೇಲೆ ಹೆಂಗಸರದು ಜೋರಾಗಿ ಏರಿ, 60ರ ಹೊತ್ತಿಗೆ ಗಂಡಸರನ್ನು ದಾಟುತ್ತದೆ. ಎಲುಬು ಸವೆಯುವ ಹೊತ್ತೂ ಅದೇ. ಅಲ್ಲಿಂದಲೇ ಈ ಎರಡಕ್ಕೂ ಏನೋ ನಂಟಿದೆ ಎಂಬ ಅನುಮಾನ ಹುಟ್ಟಿದ್ದು.

ನಂಟು ಇರುವುದು ಬೇರಿನಲ್ಲಿ. ಮಜ್ಜೆಯೊಳಗಿನ ಒಂದು ಬಗೆಯ ಮೂಲಕೋಶ ಬೆಳೆದು ಎಲುಬು ಕಟ್ಟುವ ಕೋಶವೂ ಆಗಬಹುದು, ಕೊಬ್ಬಿನ ಕೋಶವೂ ಆಗಬಹುದು. ಒಂದೇ ಮನೆಯ ಹುಡುಗ ಮಗ್ಗಕ್ಕೂ ಕೂರಬಹುದು, ಹೊಲಕ್ಕೂ ಹೋಗಬಹುದು. ಒಂದು ಕಡೆ ಹೋದರೆ ಇನ್ನೊಂದು ಕಡೆ ಕೈ ಕಡಿಮೆ. 1971ರಲ್ಲೇ ಫ್ರಾನ್ಸಿನ ಪಿಯೇರ್ ಮೊನ್ಯೇ ಮತ್ತು ಜೊತೆಗಾರರು ಸೊಂಟದ ಎಲುಬಿನ ಚೂರು ತೆಗೆದು ನೋಡಿ, ಆಸ್ಟಿಯೊಪೊರೋಸಿಸ್ (ಎಲುಬು ಸವೆದು ಟೊಳ್ಳಾಗುವ ಕಾಯಿಲೆ) ಇದ್ದವರ ಮಜ್ಜೆಯಲ್ಲಿ ಕೊಬ್ಬು ಜಾಸ್ತಿ ಎಂದು ಬರೆದರು.

ಈಗ ಆಯಿಯ ಪ್ರಶ್ನೆ. ತಿಂದ ಎಣ್ಣೆ ಹೋಗಿ ಮಜ್ಜೆಯಲ್ಲಿ ಕೂರುತ್ತದಾ? ಊಟ ಬಿಟ್ಟು ಬಿಟ್ಟು ಕಡ್ಡಿಯಾಗುವ ಅನೊರೆಕ್ಸಿಯಾ ಎಂಬ ಕಾಯಿಲೆ ಇದೆ. ಅಂಥವರ ಚರ್ಮದ ಕೆಳಗೆ ಕೊಬ್ಬೇ ಇರುವುದಿಲ್ಲ, ಆದರೆ ಮಜ್ಜೆಯಲ್ಲಿ ಮಾತ್ರ ಜಾಸ್ತಿಯಾಗಿರುತ್ತದೆ. ಅವರ ಎಲುಬು ಬೇಗ ಮುರಿಯುತ್ತದೆ ಕೂಡ. ಹೊಟ್ಟೆಯ ಬೊಜ್ಜು ಬೇರೆ, ಮಜ್ಜೆಯ ಕೊಬ್ಬು ಬೇರೆ. ಹೀಗಾಗಿ ಶೇಂಗಾ ಚಟ್ನಿಯ ಮೇಲೆ ಎಣ್ಣೆ ಹಾಕಿಕೊಳ್ಳುವುದರ ಬಗ್ಗೆ ಹೃದಯದ ಡಾಕ್ಟರನ್ನು ಕೇಳಿ, ಎಲುಬಿನ ಡಾಕ್ಟರನ್ನಲ್ಲ.

ಮಜ್ಜೆಯ ಕೊಬ್ಬು ಏರಿಸುವ ಕಾರಣಗಳು ಬೇರೆ ಇವೆ: ವಯಸ್ಸು, ಮುಟ್ಟು ನಿಲ್ಲುವುದು, ಹೆಚ್ಚು ದಿನ ಸ್ಟೀರಾಯ್ಡ್, ರೇಡಿಯೇಶನ್ ಚಿಕಿತ್ಸೆ ಬಿದ್ದ ಜಾಗ, ಹಾಸಿಗೆ ಹಿಡಿಯುವುದು. ಆರೋಗ್ಯವಾಗಿದ್ದ ಹೆಂಗಸರನ್ನು 60 ದಿನ ಹಾಸಿಗೆಯಲ್ಲೇ ಮಲಗಿಸಿ ನೋಡಿದಾಗಲೂ ಬೆನ್ನೆಲುಬಿನ ಕೊಬ್ಬು ಏರಿತ್ತು.

ದುಡ್ಡು ಕೊಡುವ ಮೊದಲಿನ ಒಂದು ಪ್ರಶ್ನೆ

ಯಾವ ಸ್ಕ್ಯಾನ್ ಒಳ್ಳೆಯದು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಹೀಗೆ ಕೇಳಿ: ಈ ನಂಬರ್ ಕೈಗೆ ಬಂದರೆ ನನ್ನ ಡಾಕ್ಟರ್ ಬೇರೆ ಏನು ಮಾಡುತ್ತಾರೆ? ಔಷಧ ಶುರು ಮಾಡುತ್ತಾರಾ, ಬಿಡಿಸುತ್ತಾರಾ, ಬದಲಿಸುತ್ತಾರಾ? ಏನೂ ಬದಲಾಗದಿದ್ದರೆ ಆ ಸ್ಕ್ಯಾನ್ ಸುಮ್ನೆ ಖರ್ಚು. ಕೆಳಗೆ ಪ್ರತಿ ಮಷೀನನ್ನೂ ಈ ಪ್ರಶ್ನೆಯ ಮೇಲೆಯೇ ತೂಗಿದ್ದೇನೆ.

ಹಿಮ್ಮಡಿಯ ಮಷೀನು

ಉಚಿತ ಕ್ಯಾಂಪುಗಳಲ್ಲಿ ಕಾಲಿಟ್ಟು ಕೂರಿಸುತ್ತಾರಲ್ಲ, ಅದು. ಹಿಮ್ಮಡಿಯ ಮೂಲಕ ಅಲ್ಟ್ರಾಸೌಂಡ್ ಶಬ್ದ ಹಾಯಿಸಿ, ಅದು ಎಷ್ಟು ಬೇಗ ದಾಟಿತು, ಎಷ್ಟು ಕುಂದಿತು ಎಂದು ನೋಡುತ್ತದೆ. ಎಕ್ಸ್‌ರೇ ಇಲ್ಲ, ಐದು ನಿಮಿಷದ ಕೆಲಸ. ಇದು ಅಳೆಯುವುದು ಮಜ್ಜೆಯ ಕೊಬ್ಬನ್ನಲ್ಲ, ಬೆನ್ನಿನ ಎಲುಬನ್ನೂ ಅಲ್ಲ. ಚೀಟಿಯಲ್ಲಿ ಟಿ-ಸ್ಕೋರ್ (ಹರೆಯದ ಆರೋಗ್ಯವಂತರ ಎಲುಬಿಗೆ ಹೋಲಿಸಿ ಕೊಡುವ ಅಂಕಿ) ಅಂತ ಬರೆದಿದ್ದರೂ ಅದನ್ನು ಡೆಕ್ಸಾದ ಟಿ-ಸ್ಕೋರಿನಂತೆ ಓದಬಾರದು.

ನನ್ನ ಸ್ವಂತ ಚಿಗವ್ವನಿಗೆ ಇಂಥ ಒಂದು ಕ್ಯಾಂಪಿನಲ್ಲಿ "ಎಲುಬು ಪೂರ್ತಿ ಟೊಳ್ಳಾಗೇತಿ" ಎಂದು ಹೇಳಿ, ಅಲ್ಲೇ ಮೂರು ತಿಂಗಳ ಗುಳಿಗೆ ಮಾರಿ ಕಳಿಸಿದ್ದರು. ಆಮೇಲೆ ಡೆಕ್ಸಾ ಮಾಡಿಸಿದರೆ ವಯಸ್ಸಿಗೆ ತಕ್ಕಂತೆಯೇ ಇತ್ತು. ಗುಳಿಗೆಯ ಡಬ್ಬಿ ಈಗ ಅವರ ಮನೆಯಲ್ಲಿ ಸಾಸಿವೆ ಡಬ್ಬಿಯಾಗಿದೆ. ಕ್ಯಾಂಪಿನಲ್ಲಿ ಕೆಟ್ಟ ನಂಬರ್ ಬಂದರೆ ಹೆದರಬೇಡಿ, ಡೆಕ್ಸಾ ಮಾಡಿಸಲು ಒಂದು ಕಾರಣ ಸಿಕ್ಕಿತು ಅಂದುಕೊಳ್ಳಿ. ಅಷ್ಟೇ.

ಡೆಕ್ಸಾ

ಎಲುಬಿನ ಸಾಂದ್ರತೆ ಅಳೆಯುವ ಮಾಮೂಲಿ ಪರೀಕ್ಷೆ ಇದೇ. ಎರಡು ಬೇರೆ ಶಕ್ತಿಯ ಎಕ್ಸ್‌ರೇ ಹಾಯಿಸಿ, ಮಾಂಸದ ಪಾಲು ಕಳೆದು, ಎಲುಬಿನ ಖನಿಜ ಎಷ್ಟೆಂದು ಲೆಕ್ಕ ಹಾಕುತ್ತದೆ. ಸೊಂಟ ಮತ್ತು ಬೆನ್ನಿನ ಕೆಳಭಾಗವನ್ನು ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆಯೇ ಇವತ್ತಿಗೂ ನಡೆಯುತ್ತಿದೆ: ಟಿ-ಸ್ಕೋರ್ ಮೈನಸ್ 1ರ ತನಕ ಸರಿ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಕಡಿಮೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ರೇಡಿಯೇಶನ್ ಕೆಲವೇ ಮೈಕ್ರೋಸೀವರ್ಟ್. ನೆಲ, ಗಾಳಿ, ಆಕಾಶದಿಂದ ನಮಗೆ ಸುಮ್ಮನೆ ಒಂದು ದಿನದಲ್ಲಿ ಬೀಳುವಷ್ಟೇ ಹೆಚ್ಚುಕಡಿಮೆ.

ಡೆಕ್ಸಾ ಮಜ್ಜೆಯ ಕೊಬ್ಬನ್ನು ತೋರಿಸುವುದಿಲ್ಲ. ಆ ಕೊಬ್ಬು ಇದರ ಲೆಕ್ಕವನ್ನು ಸ್ವಲ್ಪ ಕೆಡಿಸುವುದೂ ಉಂಟು. ಆದರೂ ನನ್ನ ಮತ ಇದಕ್ಕೇ, ಯಾಕೆಂದರೆ ಈ ನಂಬರಿಗೆ ಔಷಧದ ನಿರ್ಧಾರ ಅಂಟಿಕೊಂಡಿದೆ. ಯಾವ ಗೆರೆ ದಾಟಿದರೆ ಯಾವ ಚಿಕಿತ್ಸೆ ಎಂಬುದಕ್ಕೆ ದಶಕಗಳ ಅನುಭವ ಬೆನ್ನಿಗಿದೆ.

ನಮ್ಮ ಕಡೆಯವರು ಮಾತ್ರ ಎರಡು ಕಡೆ ಎಚ್ಚರ ಇರಬೇಕು. ಒಂದು, ವಯಸ್ಸಾದವರ ಬೆನ್ನೆಲುಬಿನ ಅಂಚಿಗೆ ಮುಳ್ಳಿನಂತೆ ಎಲುಬು ಬೆಳೆದಿರುತ್ತದೆ, ಹಿಂದೊಮ್ಮೆ ಕುಸಿದ ಮಣಿಯೂ (ಬೆನ್ನೆಲುಬಿನ ಒಂದು ತುಂಡು) ಇರಬಹುದು. ಇವು ಬೆನ್ನಿನ ನಂಬರನ್ನು ಸುಳ್ಳೇ ಚಂದ ಮಾಡುತ್ತವೆ. ಹಾಗಾಗಿ 70 ದಾಟಿದವರ ರಿಪೋರ್ಟಿನಲ್ಲಿ ಬೆನ್ನಿನ ನಂಬರಿಗಿಂತ ಸೊಂಟದ ನಂಬರನ್ನು ನಂಬಿ.

ಎರಡನೆಯದು ನೀರು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರ ಎಲುಬು ಡೆಕ್ಸಾದಲ್ಲಿ ಗಟ್ಟಿಯಾಗಿ ಕಾಣುತ್ತದೆ. ಟಿ-ಸ್ಕೋರ್ ಪ್ಲಸ್ ಬರುತ್ತದೆ. ಆದರೆ ಆ ಗಟ್ಟಿತನ ಒಳ್ಳೆಯ ಗಟ್ಟಿತನ ಅಲ್ಲ. ಸುಟ್ಟು ಹೆಚ್ಚಾದ ಇಟ್ಟಿಗೆಯಂತೆ, ತೂಕ ಇರುತ್ತದೆ, ತಾಳಿಕೆ ಇರುವುದಿಲ್ಲ. ಹಲ್ಲಿನ ಮೇಲೆ ಕಂದು ಕಲೆ ಇದ್ದು, ಬೆನ್ನು ಕುತ್ತಿಗೆ ಮರಗಟ್ಟಿದಂತಿದ್ದರೆ ಡಾಕ್ಟರಿಗೆ ನಿಮ್ಮ ಊರಿನ ನೀರಿನ ಸುದ್ದಿ ಹೇಳಿ. ಮಷೀನಿಗೆ ನಿಮ್ಮ ಊರು ಗೊತ್ತಿರುವುದಿಲ್ಲ.

ಇನ್ನೊಂದು ಚಿಲ್ಲರೆ ಮಾತು. ಡೆಕ್ಸಾ ದಿನ ಬೆಳಿಗ್ಗೆ ಕ್ಯಾಲ್ಸಿಯಂ ಗುಳಿಗೆ ನುಂಗಬೇಡಿ, ಅದು ಹೊಟ್ಟೆಯಲ್ಲಿ ಕೂತು ಬೆನ್ನೆಲುಬಿನ ಮೇಲೆ ನೆರಳು ಬೀಳಿಸಬಹುದು. ಬೆಳ್ಳಿಯ ಉಡದಾರ ತೆಗೆಯಿರಿ. ದಿನಕ್ಕೊಬ್ಬರಾದರೂ ಹಿರಿಯರು "ಹುಟ್ಟಿದಾಗಿಂದ ತಗದಿಲ್ರೀ" ಅನ್ನುತ್ತಾರೆ. ಸ್ವಲ್ಪ ಕೆಳಗೆ ಜಾರಿಸಿದರೆ ಅದು ನೇರ ಸೊಂಟದ ಮೇಲೆ ಬರುತ್ತದೆ, ಅದೂ ಅಡ್ಡವೇ. ಪೂರ್ತಿ ತೆಗೆಯಬೇಕು.

ಸಿ.ಟಿ.

ಎಲುಬಿಗೆಂದೇ ಮಾಡುವ ಸಿ.ಟಿ. ಇದೆ. ಅದು ಬೆನ್ನಿನ ಮಣಿಯ ಒಳಗಿನ ಜಾಲರಿಯನ್ನು ಮಾತ್ರ ಆಯ್ದು ಅಳೆಯುತ್ತದೆ. ಘನ ಸೆಂಟಿಮೀಟರಿಗೆ 120 ಮಿಲಿಗ್ರಾಂ ಮೇಲಿದ್ದರೆ ಸರಿ, 80ಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಇಲ್ಲಿ ಮಜ್ಜೆಯ ಕೊಬ್ಬು ಅಡ್ಡ ಬರುತ್ತದೆ. ಸಿ.ಟಿ.ಯ ಅಳತೆಯಲ್ಲಿ ನೀರು ಸೊನ್ನೆ, ಕೊಬ್ಬು ಸುಮಾರು ಮೈನಸ್ 100. ಮಣಿಯೊಳಗೆ ಕೊಬ್ಬು ಜಾಸ್ತಿ ಇದ್ದರೆ ಸರಾಸರಿ ಕೆಳಗಿಳಿಯುತ್ತದೆ, ಎಲುಬು ಇರುವುದಕ್ಕಿಂತ ತೆಳುವಾಗಿ ಕಾಣುತ್ತದೆ. ಎರಡು ಶಕ್ತಿಯಲ್ಲಿ ತೆಗೆಯುವ ಡ್ಯೂಯಲ್ ಎನರ್ಜಿ ಸಿ.ಟಿ. ಇದನ್ನು ಸರಿಪಡಿಸಬಲ್ಲದು, ಕೊಬ್ಬನ್ನೂ ಬೇರೆಯಾಗಿ ಲೆಕ್ಕ ಹಾಕಬಲ್ಲದು.

ಎಲುಬಿಗಾಗಿ ಹೊಸದಾಗಿ ಸಿ.ಟಿ. ಮಾಡಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಕಿಡ್ನಿ ಕಲ್ಲಿಗೋ ಹೊಟ್ಟೆನೋವಿಗೋ ಈಗಾಗಲೇ ಮಾಡಿಸಿರುತ್ತೀರಿ, ಅಲ್ವಾ? ಕಲ್ಲಿನ ಕಾಟ ನಮ್ಮಲ್ಲಿ ಕಡಿಮೆಯೇನಲ್ಲ. ಆ ಸಿ.ಟಿ.ಯಲ್ಲಿ ಬೆನ್ನಿನ ಕೆಳಭಾಗದ ಮೊದಲ ಮಣಿ ಬಂದೇ ಇರುತ್ತದೆ. ಅದರ ನಡುವೆ ಒಂದು ವೃತ್ತ ಎಳೆದರೆ, ನೀರು ಸೊನ್ನೆ ಎಂದೆನಲ್ಲ, ಆ ಅಳತೆಯಲ್ಲಿ ಒಂದು ನಂಬರ್ ಬರುತ್ತದೆ. ಮಾಮೂಲಿ ಸೆಟ್ಟಿಂಗಿನಲ್ಲಿ ತೆಗೆದ ಚಿತ್ರದಲ್ಲಿ ಅದು 160ರ ಮೇಲಿದ್ದರೆ ಆಸ್ಟಿಯೊಪೊರೋಸಿಸ್ ಇರುವ ಸಾಧ್ಯತೆ ಕಡಿಮೆ. 110ಕ್ಕಿಂತ ಕೆಳಗಿದ್ದರೆ ಅನುಮಾನ ಬಲ, ಡೆಕ್ಸಾಗೆ ಹೋಗುವುದು ಒಳ್ಳೆಯದು. ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆದಿದ್ದರೆ ನಂಬರ್ ಸ್ವಲ್ಪ ಮೇಲೆ ತೋರಿಸುತ್ತದೆ. ಈ ವೃತ್ತ ಎಳೆಯಲು ರೇಡಿಯಾಲಜಿ ಡಾಕ್ಟರಿಗೆ ಒಂದು ನಿಮಿಷವೂ ಬೇಡ. ಕೇಳುವವರಿಲ್ಲ, ಅದಕ್ಕೆ ಹೆಚ್ಚಿನ ಕಡೆ ಎಳೆಯುವುದಿಲ್ಲ.

ಸುಮ್ನೆ ಒಂದು ಸಿ.ಟಿ. ಮಾಡಿಬಿಡೋಣ ಅನ್ನುವವರಿಗೆ: ಹೊಟ್ಟೆಯ ಸಿ.ಟಿ.ಯಲ್ಲಿ ಬೀಳುವ ರೇಡಿಯೇಶನ್ ಡೆಕ್ಸಾಕ್ಕಿಂತ ಸಾವಿರ ಪಟ್ಟಿನ ಆಸುಪಾಸು.

ಎಂಆರ್‌ಐ

ಮಜ್ಜೆಯ ಕೊಬ್ಬನ್ನು ನಿಜವಾಗಿ ನೋಡುವ ಮಷೀನ್ ಇದು. ಎಕ್ಸ್‌ರೇ ಇಲ್ಲ. ಆದರೆ ಎಂಆರ್‌ಐ ಅಂದರೆ ಒಂದೇ ಪರೀಕ್ಷೆ ಅಲ್ಲ. ಮೂರು ಮೆಟ್ಟಿಲು ಅಂದುಕೊಳ್ಳಿ.

ಮೊದಲನೆಯದು ಬೆನ್ನುನೋವಿಗೆ ಎಲ್ಲರೂ ಮಾಡಿಸುವ ಮಾಮೂಲಿ ಎಂಆರ್‌ಐ. ಅದರಲ್ಲಿ ಟಿ-1 ಎಂಬ ಚಿತ್ರ ಇರುತ್ತದೆ, ಅದರಲ್ಲಿ ಕೊಬ್ಬು ಬೆಳ್ಳಗೆ ಹೊಳೆಯುತ್ತದೆ. ದೊಡ್ಡವರ ಬೆನ್ನಿನ ಮಣಿ ಪಕ್ಕದ ಡಿಸ್ಕಿಗಿಂತ ಬೆಳ್ಳಗಿರಬೇಕು. ಮಣಿಗಳೆಲ್ಲ ಡಿಸ್ಕಿಗಿಂತ ಕಪ್ಪಗಿದ್ದರೆ ಕೊಬ್ಬಿನ ಜಾಗದಲ್ಲಿ ಬೇರೆ ಏನೋ ಬಂದು ಕೂತಿದೆ ಎಂದು ಡಾಕ್ಟರುಗಳು ಹುಬ್ಬೇರಿಸುತ್ತಾರೆ. ಗಮನಿಸಿ: ಗಾಬರಿ ಪಡಬೇಕಾದದ್ದು ಹೆಚ್ಚಾಗಿ ಕೊಬ್ಬು ಇದ್ದಾಗ ಅಲ್ಲ, ಇರಬೇಕಾದ ಕೊಬ್ಬು ಇಲ್ಲದಾಗ. ಮೊಮ್ಮಗನಿಗೆ ನಾನು ಹೇಳಿದ್ದು ಇದನ್ನೇ.

ರಿಪೋರ್ಟುಗಳಲ್ಲಿ ಬರುವ 'ಮೋಡಿಕ್ ಟೈಪ್ 2' ಕೂಡ ಇಂಥದ್ದೇ. ಸವೆದ ಡಿಸ್ಕಿನ ಪಕ್ಕದ ಮಜ್ಜೆ ಹಳದಿಯಾಗಿದೆ ಅಂತ ಅರ್ಥ. 1988ರಲ್ಲಿ ಮೈಕೆಲ್ ಮೋಡಿಕ್ ಇದನ್ನು ವಿಂಗಡಿಸಿದ್ದಕ್ಕೆ ಆ ಹೆಸರು. ಅದು ಸವೆತದ ಗುರುತು, ಎಲುಬು ಟೊಳ್ಳಾದ ಗುರುತಲ್ಲ. ಹೆಮ್ಯಾಂಜಿಯೋಮಾ ಅಂತ ಬರೆದಿದ್ದರೂ ಅಷ್ಟೇ, ಬಹುಪಾಲು ಕೊಬ್ಬು ತುಂಬಿದ ನಿರುಪದ್ರವಿ ರಕ್ತನಾಳದ ಗಂಟು. ಈ ಮೂರೂ ಸಾಲುಗಳಿಗೆ ಒಂದೊಂದು ವಾಕ್ಯದ ವಿವರಣೆ ಬರೆದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತದೆ. ಬರೆಯುವುದಿಲ್ಲ.

ಬೆನ್ನಿನ ಸರ್ಜನ್‌ಗಳು ಇದೇ ಮಾಮೂಲಿ ಚಿತ್ರದಿಂದ ಇನ್ನೊಂದು ಲೆಕ್ಕ ತೆಗೆಯುತ್ತಾರೆ. ಬೆನ್ನಿನ ಕೆಳಭಾಗದ ಮೊದಲ ನಾಲ್ಕು ಮಣಿಗಳ ಬೆಳಕನ್ನು ಬೆನ್ನುಹುರಿಯ ಸುತ್ತಲಿನ ನೀರಿನ ಬೆಳಕಿನಿಂದ ಭಾಗಿಸುತ್ತಾರೆ. ಅಂಕಿ ಜಾಸ್ತಿ ಬಂದರೆ ಮಣಿಯಲ್ಲಿ ಕೊಬ್ಬು ಜಾಸ್ತಿ, ಸ್ಕ್ರೂ ಹಿಡಿಯುವುದು ಕಷ್ಟವಾಗಬಹುದು ಎಂಬ ಅಂದಾಜು. ಆಪರೇಷನ್‌ಗೆ ಹೊರಟವರಿಗೆ ಇದು ಉಪಯೋಗ. ಹೊಸ ಸ್ಕ್ಯಾನ್ ಬೇಡ, ಇದ್ದದ್ದೇ ಸಾಕು.

ಎರಡನೆಯ ಮೆಟ್ಟಿಲು ಡಿಕ್ಸನ್. 1984ರಲ್ಲಿ ಥಾಮಸ್ ಡಿಕ್ಸನ್ ತೋರಿಸಿದ ಉಪಾಯ, ನನಗೆ ಇವತ್ತಿಗೂ ಇದು ಖುಷಿ ಕೊಡುತ್ತದೆ. ಒಂದೇ ಕೂರಿಗೆಗೆ ಹೂಡಿದ ಎರಡು ಎತ್ತು ಅಂದುಕೊಳ್ಳಿ, ಒಂದರ ನಡಿಗೆ ಕೂದಲೆಳೆಯಷ್ಟು ಬಿರುಸು. ಹೊರಡುವಾಗ ಇಬ್ಬರ ಕಾಲೂ ಕೂಡಿರುತ್ತದೆ, ಸ್ವಲ್ಪ ಹೊತ್ತಿಗೆ ಒಂದು ಕಾಲೆತ್ತಿದಾಗ ಇನ್ನೊಂದು ಇಡುತ್ತದೆ, ಮತ್ತೆ ಸ್ವಲ್ಪ ಹೊತ್ತಿಗೆ ಕೂಡುತ್ತದೆ. ಮಷೀನಿನೊಳಗೆ ನೀರಿನ ಕಣ ಮತ್ತು ಕೊಬ್ಬಿನ ಕಣ ಹೀಗೇ ಸುತ್ತುತ್ತವೆ. 1.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಮಷೀನಿನಲ್ಲಿ ಇವೆರಡರ ವೇಗದ ವ್ಯತ್ಯಾಸ ಸೆಕೆಂಡಿಗೆ ಸುಮಾರು 220 ಸುತ್ತು. ಹಾಗಾಗಿ 2.3 ಮಿಲಿಸೆಕೆಂಡಿಗೆ ಎದುರುಬದುರು, 4.6ಕ್ಕೆ ಮತ್ತೆ ಜೊತೆ. ಜೊತೆಯಾದಾಗ ತೆಗೆದ ಚಿತ್ರ ನೀರು ಕೂಡಿಸು ಕೊಬ್ಬು. ಎದುರಾದಾಗಿನದು ನೀರು ಕಳೆ ಕೊಬ್ಬು. ಕೂಡಿಸಿ ಕಳೆದರೆ ಎರಡೂ ಬೇರೆಯಾಗುತ್ತವೆ. ಮೂರನೇ ಕ್ಲಾಸಿನ ಗಣಿತ!

ಇವತ್ತಿನ ಮಷೀನುಗಳು ಇನ್ನೂ ಹೆಚ್ಚು ಚಿತ್ರ ತೆಗೆದು, ತಪ್ಪು ತಿದ್ದಿ, ಪ್ರತಿ ಚುಕ್ಕೆಗೂ ಕೊಬ್ಬಿನ ಶೇಕಡಾ ಪಾಲು ಕೊಡುತ್ತವೆ. ಒಂದೆರಡು ನಿಮಿಷದಲ್ಲಿ ಬೆನ್ನಿನ ಕೆಳಭಾಗದ ಎಲ್ಲ ಮಣಿಗಳದ್ದೂ ಬರುತ್ತದೆ. ಲಿವರಿಗೂ ಇದೇ ಉಪಾಯ ಬಳಸುತ್ತಾರೆ, ಅಲ್ಲಿ 5 ದಾಟಿದರೆ ಫ್ಯಾಟಿ ಲಿವರ್. ಆ ಲೆಕ್ಕ ತಲೆಯಲ್ಲಿಟ್ಟುಕೊಂಡು ಬೆನ್ನಿನ ಮಣಿಯಲ್ಲಿ 45 ಅಂತ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಮಣಿಯಲ್ಲಿ ಹರೆಯದವರಿಗೇ 30ರ ಆಸುಪಾಸು ಇರುತ್ತದೆ, ವಯಸ್ಸಾದವರಲ್ಲಿ 50 ದಾಟುವುದು ಮಾಮೂಲು. ಮೇಲಿನ ಮಣಿಗಿಂತ ಕೆಳಗಿನ ಮಣಿಯಲ್ಲಿ ಜಾಸ್ತಿ.

ಇಷ್ಟು ಚಂದದ ನಂಬರ್ ಬಂದ ಮೇಲೆ ಡೆಕ್ಸಾ ಯಾಕೆ? ಯಾಕೆಂದರೆ ಮಜ್ಜೆಯ ಕೊಬ್ಬಿಗೆ ಮೈನಸ್ 2.5ರಂಥ ಗೆರೆ ಇಲ್ಲ. ಇಷ್ಟು ದಾಟಿದರೆ ಔಷಧ ಕೊಡಿ ಎಂದು ಯಾರೂ ಹೇಳಿಲ್ಲ. ಗುಂಪಿನ ಲೆಕ್ಕದಲ್ಲಿ ಸುಳಿವುಗಳು ಗಟ್ಟಿಯಾಗಿವೆ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ವೃದ್ಧರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಮಜ್ಜೆಯ ಕೊಬ್ಬು ಜಾಸ್ತಿ ಇದ್ದ ಹೆಂಗಸರ ಎಲುಬು ಮುಂದಿನ ವರ್ಷಗಳಲ್ಲಿ ಜಾಸ್ತಿ ಸವೆದದ್ದು ಕಂಡಿತು. ಆದರೆ ಗುಂಪಿಗೆ ನಿಜವಾದದ್ದು ಒಬ್ಬರ ಚೀಟಿ ಬರೆಯಲು ಸಾಲದು.

ಇನ್ನೊಂದು ತೊಡಕು ನಮ್ಮ ಹೆಣ್ಣುಮಕ್ಕಳದು. ರಕ್ತ ಕಡಿಮೆ ಇದ್ದಾಗ ದೇಹ ಹಳದಿ ಮಜ್ಜೆಯನ್ನು ಮತ್ತೆ ಕೆಂಪು ಮಾಡಿಕೊಳ್ಳುತ್ತದೆ, ರಕ್ತ ಬೇಕಲ್ಲ. ಆಗ ಕೊಬ್ಬಿನ ಶೇಕಡಾ ಇಳಿಯುತ್ತದೆ. ಹಿಮೋಗ್ಲೋಬಿನ್ 8 ಇರುವ ತಾಯಿಯ ಮಜ್ಜೆಯಲ್ಲಿ ಕೊಬ್ಬು ಕಡಿಮೆ ಬಂದರೆ ಎಲುಬು ಗಟ್ಟಿ ಎಂದು ಬೀಗುವಂತಿಲ್ಲ. ಅದು ರಕ್ತಹೀನತೆಯ ಕೂಗು.

ಹಾಗಂತ ಡಿಕ್ಸನ್ ಬರೀ ಸಂಶೋಧನೆಯ ಆಟಿಕೆ ಅಲ್ಲ. ಒಂದು ಕಡೆ ಅದು ನಿರ್ಧಾರವನ್ನೇ ಬದಲಿಸುತ್ತದೆ. ಹಿರಿಯರೊಬ್ಬರ ಬೆನ್ನಿನ ಮಣಿ ಕುಸಿದಿದೆ ಅಂದುಕೊಳ್ಳಿ. ಎಲುಬು ಸವೆದು ಕುಸಿಯಿತೋ, ಕ್ಯಾನ್ಸರ್ ತಿಂದು ಕುಸಿಯಿತೋ? ಕ್ಯಾನ್ಸರ್ ಬಂದರೆ ಕೊಬ್ಬನ್ನು ತಳ್ಳಿ ತಾನು ಕೂರುತ್ತದೆ. ಸವೆತದಲ್ಲಿ ಕೊಬ್ಬು ಅಲ್ಲಲ್ಲೇ ಉಳಿದಿರುತ್ತದೆ. ಎದುರುಬದುರು ಚಿತ್ರದಲ್ಲಿ ಮಣಿಯ ಬೆಳಕು 20 ಶೇಕಡಾಕ್ಕಿಂತ ಜಾಸ್ತಿ ಇಳಿದರೆ ಕೊಬ್ಬು ಉಳಿದಿದೆ, ಹೆಚ್ಚಾಗಿ ಸಾದಾ ಕುಸಿತ. ಇಳಿಯದಿದ್ದರೆ ಬಯಾಪ್ಸಿಯ, ಅಂದರೆ ಚೂರು ತೆಗೆದು ಪರೀಕ್ಷಿಸುವ ಮಾತು ಬರುತ್ತದೆ. ಮಣಿ ಕುಸಿದವರಿಗೆ ಎಂಆರ್‌ಐ ಬರೆದುಕೊಟ್ಟಾಗ "ಫ್ಯಾಟ್-ವಾಟರ್ ಚಿತ್ರನೂ ತಗೀರಿ" ಎಂದು ಮೊದಲೇ ಕೇಳಿ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಮುಗಿದ ಮೇಲೆ ಕೇಳಿದರೆ ಮತ್ತೆ ಮಲಗಬೇಕು, ಮತ್ತೆ ದುಡ್ಡು ಕಟ್ಟಬೇಕು.

ಮೂರನೆಯದು ಸ್ಪೆಕ್ಟ್ರೋಸ್ಕೋಪಿ. ಇದರಲ್ಲಿ ಚಿತ್ರ ಬರುವುದಿಲ್ಲ, ಒಂದು ಮಣಿಯೊಳಗೆ ಸಣ್ಣ ಚೌಕ ಇಟ್ಟರೆ ಗೆರೆಯ ಮೇಲೆ ಗುಡ್ಡಗಳು ಬರುತ್ತವೆ. ನೀರಿನದೊಂದು, ಕೊಬ್ಬಿನದೊಂದು. ಕೊಬ್ಬು ಎಷ್ಟು ಎನ್ನುವುದರ ಜೊತೆಗೆ ಅದು ಯಾವ ಬಗೆಯದು, ತುಪ್ಪದಂತೆ ಹೆಪ್ಪುಗಟ್ಟುವ ಜಾತಿಯೋ ಕುಸುಬೆ ಎಣ್ಣೆಯಂತೆ ಹರಿಯುವ ಜಾತಿಯೋ, ಇದೂ ತಿಳಿಯುತ್ತದೆ. ಎಲುಬು ಮುರಿದುಕೊಂಡ, ಮುಟ್ಟು ನಿಂತ ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹರಿಯುವ ಜಾತಿಯ ಪಾಲು ಕಡಿಮೆ ಇದ್ದದ್ದನ್ನು 2013ರ ಒಂದು ಅಧ್ಯಯನ ತೋರಿಸಿತು. ಕುತೂಹಲದ ವಿಷಯ. ಆದರೆ ಇದನ್ನು ನೀವಾಗಿ ದುಡ್ಡು ಕೊಟ್ಟು ಮಾಡಿಸಬೇಡಿ. ಯಾವುದಾದರೂ ಮೆಡಿಕಲ್ ಕಾಲೇಜಿನಲ್ಲಿ ಅಧ್ಯಯನ ನಡೆದಿದ್ದು, ನಿಮ್ಮನ್ನು ಸೇರಿಸಿಕೊಂಡರೆ ಹೋಗಿ ಬನ್ನಿ.

ಪೇಸ್‌ಮೇಕರ್, ಕಿವಿಯೊಳಗಿನ ಯಂತ್ರ, ಕಣ್ಣಿನಲ್ಲಿ ಕಬ್ಬಿಣದ ಚೂರು ಹೊಕ್ಕ ಇತಿಹಾಸ ಇದ್ದರೆ ಮೊದಲೇ ಹೇಳಿ. ವೆಲ್ಡಿಂಗ್, ಲೇತ್ ಕೆಲಸ ಮಾಡಿದವರು ಕೊನೆಯದನ್ನು ಮರೆಯುತ್ತಾರೆ. ಬೆನ್ನಿನಲ್ಲಿ ರಾಡು ಸ್ಕ್ರೂ ಇದ್ದರೆ ಪಕ್ಕದ ಮಣಿಗಳ ಕೊಬ್ಬಿನ ಲೆಕ್ಕ ಕೆಡುತ್ತದೆ.

ಹಾಗಾದರೆ ನಿಮಗೆ ಯಾವುದು?

ಮುಟ್ಟು ನಿಂತ, ಬೇರೆ ತೊಂದರೆ ಇಲ್ಲದ ಹೆಂಗಸರಿಗೆ 65ರ ಹೊತ್ತಿಗೆ ಒಂದು ಡೆಕ್ಸಾ. ಗಂಡಸರಿಗೆ 70ಕ್ಕೆ. ಮುಟ್ಟು ಬೇಗ ನಿಂತವರು, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರು, ಸಣ್ಣ ಜಾರಿಕೆಗೇ ಮಣಿಕಟ್ಟು ಮುರಿದವರು, ಅವ್ವ ಅಪ್ಪನಿಗೆ ಸೊಂಟ ಮುರಿದಿದ್ದವರು ಇನ್ನೂ ಮೊದಲೇ. ಸಣ್ಣ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡವರು ನಮ್ಮ ಕಡೆ ಬಹಳ ಜನ. ಅಂಡಾಶಯ ಉಳಿದಿದೆಯೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿ. ಬನಹಟ್ಟಿ, ಇಳಕಲ್ ಕಡೆ ದಿನವಿಡೀ ಮಗ್ಗದ ಕೋಣೆಯಲ್ಲೇ ಕೂರುವವರು ವಿಟಮಿನ್ ಡಿ ರಕ್ತಪರೀಕ್ಷೆಯ ಬಗ್ಗೆಯೂ ಡಾಕ್ಟರನ್ನು ಕೇಳಿ.

ದಮ್ಮಿಗೋ ಸಂಧಿವಾತಕ್ಕೋ ದಿನಕ್ಕೆ 5 ಮಿಲಿಗ್ರಾಂ ಅಥವಾ ಜಾಸ್ತಿ ಪ್ರೆಡ್ನಿಸೊಲೋನ್ ಮೂರು ತಿಂಗಳ ಮೇಲೆ ತೆಗೆದುಕೊಂಡವರ ಕತೆ ಬೇರೆ. ಸ್ಟೀರಾಯ್ಡ್ ಮಜ್ಜೆಯ ಕೊಬ್ಬನ್ನೂ ಏರಿಸುತ್ತದೆ, ಎಲುಬನ್ನೂ ಬೇಗ ಸವೆಸುತ್ತದೆ, ಡೆಕ್ಸಾ ಇನ್ನೂ ಪರವಾಗಿಲ್ಲ ಎನ್ನುವಾಗಲೇ ಮಣಿ ಕುಸಿಯಬಹುದು. ಅವರಿಗೆ ಡೆಕ್ಸಾ ಜೊತೆ ಬೆನ್ನಿನ ಪಕ್ಕದಿಂದ ಒಂದು ಎಕ್ಸ್‌ರೇ ಬೇಕಾಗಬಹುದು. ಮಂಡಿನೋವಿಗೆ ಸಂತೆಯಲ್ಲಿ ಕೊಡುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲೂ ಸ್ಟೀರಾಯ್ಡ್ ಬೆರೆತಿರುವುದುಂಟು. ಎರಡೇ ದಿನದಲ್ಲಿ ನೋವು ಮಾಯ ಆದರೆ ಅನುಮಾನಿಸಿ.

ಸಕ್ಕರೆ ಕಾಯಿಲೆಯವರ ಜೊತೆ ನಾನು ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ. ಟೈಪ್ 2 ಇದ್ದವರ ಡೆಕ್ಸಾ ಬಹಳ ಸಲ ಚೆನ್ನಾಗಿಯೇ ಬರುತ್ತದೆ, ಆದರೂ ಎಲುಬು ಮುರಿಯುವುದು ಜಾಸ್ತಿ. ಸಾಂದ್ರತೆಯ ನಂಬರ್ ಎಲುಬಿನ ಗುಣವನ್ನು ಪೂರ್ತಿ ಹೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಮಜ್ಜೆಯ ಕೊಬ್ಬಿನ ಅಳತೆ ಒಂದು ದಿನ ನಿಜಕ್ಕೂ ಕೈಹಿಡಿಯುವುದಿದ್ದರೆ ಇವರಿಗೇ ಅಂತ ನನ್ನ ಅನಿಸಿಕೆ. ಈಗಿಗೆ ಮಾಡಬಹುದಾದದ್ದು ಒಂದಿದೆ. ನಿಮ್ಮ ಗುಳಿಗೆಯಲ್ಲಿ ಪಿಯೋಗ್ಲಿಟಜೋನ್ ಇದೆಯೇ ನೋಡಿ. ಈ ಜಾತಿಯ ಔಷಧ ಮೂಲಕೋಶವನ್ನು ಕೊಬ್ಬಿನ ಕಡೆ ತಿರುಗಿಸುತ್ತದೆ, ಹೆಂಗಸರಲ್ಲಿ ಎಲುಬು ಮುರಿಯುವ ಅಪಾಯ ಏರಿಸುತ್ತದೆ. ನೀವಾಗಿ ಬಿಡಬೇಡಿ. ಡೆಕ್ಸಾ ಕಡಿಮೆ ಬಂದಿದ್ದರೆ ಬರೆದುಕೊಟ್ಟ ಡಾಕ್ಟರಿಗೆ ಎರಡೂ ಕಾಗದ ಒಟ್ಟಿಗೆ ತೋರಿಸಿ.

ಡೆಕ್ಸಾ ನಡುಮಧ್ಯೆ ಬಂದು, ಔಷಧ ಬೇಕೋ ಬೇಡವೋ ಎಂಬ ಗೊಂದಲ ಇದ್ದರೆ ಎಂಆರ್‌ಐ ಕಡೆ ಓಡಬೇಡಿ. ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಮಾಡಿದ ಫ್ರ್ಯಾಕ್ಸ್ ಎಂಬ ಲೆಕ್ಕ ಇದೆ. ವಯಸ್ಸು, ತೂಕ, ಹಿಂದಿನ ಮುರಿತ, ಬೀಡಿ ಸಿಗರೇಟು, ಸ್ಟೀರಾಯ್ಡ್ ಇಷ್ಟನ್ನು ಹಾಕಿದರೆ ಮುಂದಿನ 10 ವರ್ಷದಲ್ಲಿ ಎಲುಬು ಮುರಿಯುವ ಸಾಧ್ಯತೆ ಹೇಳುತ್ತದೆ. ಭಾರತದವರಿಗೆ ಬೇರೆ ಲೆಕ್ಕವೇ ಇದೆ. ಖರ್ಚಿಲ್ಲ.

ಇನ್ನು ಎಲ್ಲಿ ಮಾಡಿಸಬೇಕು ಎನ್ನುವುದು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ಮೆಡಿಕಲ್ ಕಾಲೇಜುಗಳಿವೆ, ಖಾಸಗಿ ಸೆಂಟರುಗಳೂ ಇವೆ. ಹೋಗುವ ಮೊದಲು ಫೋನ್ ಮಾಡಿ ಕೇಳಿ: ಡೆಕ್ಸಾ ಸೊಂಟ ಬೆನ್ನು ಎರಡನ್ನೂ ತೆಗೆಯುತ್ತದಾ, ಇಲ್ಲ ಮುಂಗೈ ಮಾತ್ರವಾ? ಎಂಆರ್‌ಐನಲ್ಲಿ ಡಿಕ್ಸನ್ ಇದೆಯಾ? ಎರಡನೇ ಡೆಕ್ಸಾವನ್ನು ಮೊದಲು ಮಾಡಿಸಿದ ಮಷೀನಿನಲ್ಲೇ ಮಾಡಿಸಿ. ಮಷೀನ್ ಬದಲಾದರೆ ನಂಬರ್ ಬದಲಾಗುತ್ತದೆ, ಎಲುಬು ಬದಲಾಗದಿದ್ದರೂ.

ಇಂಡಿಯ ಆಯಿ ಮುಂದಿನ ವಾರ ಮತ್ತೆ ಬಂದಿದ್ದರು, ಡಾಕ್ಟರ್ ಡೆಕ್ಸಾ ಬರೆದುಕೊಟ್ಟಿದ್ದರು. ಹಳೆಯ ಸ್ಕ್ಯಾನ್ ತನ್ನಿ ಎಂದು ಹೇಳಿದ್ದಕ್ಕೆ ನಾಲ್ಕು ವರ್ಷದ ಹಿಂದಿನ ಕಿಡ್ನಿ ಕಲ್ಲಿನ ಸಿ.ಟಿ. ಫಿಲ್ಮನ್ನೂ ತಂದಿದ್ದರು. ಪತ್ರಾಸಿನ ಮನೆಯ ಅಟ್ಟದಲ್ಲಿ ಇಟ್ಟದ್ದು, ನಮ್ಮ ಬಿಸಿಲಿಗೆ ಪೂರ್ತಿ ಕಪ್ಪಾಗಿತ್ತು. ಈಗಿನ ಫಿಲ್ಮುಗಳು ಕಾವಿನಿಂದ ಮೂಡುವಂಥವು, ಕಾವಿನಿಂದಲೇ ಹಾಳಾಗುತ್ತವೆ. ಅದೃಷ್ಟಕ್ಕೆ ಕವರಿನೊಳಗೆ ಸಿ.ಡಿ. ಇತ್ತು. ಅದನ್ನು ಹಾಕಿ ಮೊದಲ ಮಣಿಯ ಮೇಲೆ ವೃತ್ತ ಎಳೆದಾಗ ನಾಲ್ಕು ವರ್ಷದ ಹಿಂದಿನ ನಂಬರ್ ಸಿಕ್ಕಿತು. ಸ್ಕ್ಯಾನ್ ಮಾಡಿಸಿದ ದಿನವೇ ಸಿ.ಡಿ. ಕೇಳಿ ಪಡೆಯಿರಿ, ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಸಿ, ಟ್ರಂಕಿನಲ್ಲಿ ಸೀರೆಗಳ ನಡುವೆ ಇಡಿ.